ತುಪ್ಪಳ ವ್ಯಾಪಾರದಲ್ಲಿ ಹೊರೆ ಹೊತ್ತವರ ದಿನ ಹೇಗೆ ಸಾಗುತ್ತಿತ್ತು?

ಪ್ರಶ್ನೆ: ಡೊಂಬಿವಲಿಯಿಂದ

ಮಾನ್ಯರೇ,

ನಮ್ಮ ಬಡಾವಣೆಯ ಕನ್ನಡ ಸಂಘದಲ್ಲಿ ತಿಂಗಳಿಗೊಂದು ಭಾನುವಾರ ಇಪ್ಪತ್ತು ಮೂವತ್ತು ಜನ ಸೇರುತ್ತೇವೆ. ಯಾರಾದರೊಬ್ಬರು ತಾವು ಓದಿಕೊಂಡ ವಿಷಯದ ಮೇಲೆ ಮುಕ್ಕಾಲು ಗಂಟೆ ಮಾತನಾಡುವುದು ರೂಢಿ. ಮುಂದಿನ ಸರದಿ ನನ್ನದು. ಆರಿಸಿಕೊಂಡ ವಿಷಯ ಉತ್ತರ ಅಮೆರಿಕದ ತುಪ್ಪಳ ವ್ಯಾಪಾರ. ಇಲ್ಲಿ ಕುಳಿತು ಕೆನಡಾದ ಬೀವರ್ ಎಂಬ ನೀರುಪ್ರಾಣಿಯ ತೊಗಲಿನ ಮಾತೇಕೆ ಎಂದು ಮನೆಯವರೂ ಕೇಳಿದರು. ನನ್ನ ಕುತೂಹಲಕ್ಕೆ ಮೊದಲ ಕಾರಣ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆ. 1661ರ ಮದುವೆಯ ಒಪ್ಪಂದದಲ್ಲಿ ಪೋರ್ಚುಗೀಸರಿಂದ ಬಳುವಳಿಯಾಗಿ ಬಂದ ಮುಂಬಯಿಯನ್ನು ಅವನು 1668ರಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿದ; ಸುಮಾರು ಎರಡು ವರ್ಷದ ಬಳಿಕ, 1670ರ ಮೇ 2ರಂದು, ಹಡ್ಸನ್ ಕೊಲ್ಲಿಗೆ ಹರಿದು ಬರುವ ನದಿಗಳ ಇಡೀ ಸೀಮೆಯನ್ನು ತನ್ನ ಸೋದರತ್ತೆಯ ಮಗ ರಾಜಕುಮಾರ ರೂಪರ್ಟ್ ಮತ್ತು ಅವನ ಜೊತೆಗಾರರ ಹಡ್ಸನ್ಸ್ ಬೇ ಕಂಪನಿಗೆ ಬರೆದುಕೊಟ್ಟ. ಒಂದೇ ಕೈಯ ಸಹಿಯಿಂದ ನಮ್ಮ ಏಳು ದ್ವೀಪಗಳೂ ಅಲ್ಲಿನ ಹಿಮದ ಸೀಮೆಯೂ ಎರಡು ಕಂಪನಿಗಳ ಪಾಲಾದವು ಎಂಬುದನ್ನು ಓದಿದ ಮೇಲೆ ಆ ಪುಸ್ತಕವನ್ನು ಕೆಳಗಿಡಲು ನನ್ನಿಂದ ಆಗಲಿಲ್ಲ.

ಎರಡನೆಯ ಕಾರಣ ನನ್ನ ತಂದೆ. ಇಂಡಿ ತಾಲೂಕಿನಿಂದ ಬರಗಾಲದ ವರ್ಷವೊಂದರಲ್ಲಿ ಮುಂಬಯಿಗೆ ಬಂದು, ಮಸ್ಜಿದ್ ಬಂದರಿನ ಗೋದಾಮುಗಳಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿದವರು ಅವರು. ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದ ಸಿಂಬಿ, ಚೀಲಕ್ಕೆ ಹಾಕುವ ಕಬ್ಬಿಣದ ಕೊಕ್ಕೆ, ಎರಡನ್ನೂ ನಮ್ಮ ತಾಯಿ ಇಂದಿಗೂ ತೆಗೆದಿಟ್ಟಿದ್ದಾರೆ. ಆದ್ದರಿಂದ ಯಾವ ವ್ಯಾಪಾರದ ಇತಿಹಾಸವನ್ನು ಓದಿದರೂ, ಮಾಲು ಹೊತ್ತವರು ಯಾರು ಎಂಬ ಪ್ರಶ್ನೆಯೇ ನನಗೆ ಮೊದಲು ಏಳುತ್ತದೆ. ಕೈಗೆ ಸಿಕ್ಕ ಪುಸ್ತಕಗಳಲ್ಲಿ ಗವರ್ನರುಗಳ ಹೆಸರು, ಕೋಟೆಗಳ ಹೆಸರು, ಕಂಪನಿಗಳ ಜಗಳ ಬೇಕಾದಷ್ಟಿವೆ. ನನಗೆ ಬೇಕಾದದ್ದು ಬೇರೆ. ಒಬ್ಬ ಆಳು ಎಷ್ಟು ಭಾರವನ್ನು, ಯಾವ ರೀತಿಯಲ್ಲಿ, ಎಷ್ಟು ದೂರ ಹೊರುತ್ತಿದ್ದ? ದಾರಿಯಲ್ಲಿ ಏನು ತಿನ್ನುತ್ತಿದ್ದ? ಕರಾರು ಮುಗಿಸಿ ಊರಿಗೆ ಮರಳುವಾಗ ಅವನ ಕೈಯಲ್ಲಿ ಏನಾದರೂ ಉಳಿಯುತ್ತಿತ್ತೇ? ಈ ದುಡಿಮೆಯಲ್ಲಿ ಹೆಂಗಸರ ಪಾಲೇನು? ಇನ್ನೂ ಒಂದು ಸಣ್ಣ ಸಂಗತಿ: ಆ ಕಂಪನಿಯ ಕಂಬಳಿಯ ಅಂಚಿನಲ್ಲಿರುವ ಕಪ್ಪು ಗೆರೆಗಳು ಅದಕ್ಕೆ ಎಷ್ಟು ಬೀವರ್ ತೊಗಲು ಕೊಡಬೇಕೆಂಬುದರ ಗುರುತು ಎಂದು ಒಂದೆಡೆ ಓದಿದೆ. ಇದು ನಿಜವೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1: ಪುಣೆಯಿಂದ, ನಿವೃತ್ತ ಇತಿಹಾಸ ಅಧ್ಯಾಪಕ

ತಮ್ಮ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ತರಗತಿಯಲ್ಲಿ ಇಂಥ ಪ್ರಶ್ನೆ ಕೇಳುವ ಹುಡುಗರು ನನಗೆ ಅಪರೂಪಕ್ಕೆ ಸಿಕ್ಕಿದ್ದರು.

ಮೊದಲಿಗೆ ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಹಡ್ಸನ್ಸ್ ಬೇ ಕಂಪನಿಯವರು ಬಹುಕಾಲ ಕೊಲ್ಲಿಯ ದಡದಲ್ಲಿ ಕೋಟೆ ಕಟ್ಟಿಕೊಂಡು, ತೊಗಲು ತರುವವರು ತಾವಾಗಿ ಬರಲಿ ಎಂದು ಕಾದು ಕುಳಿತರು. ಮಾಂಟ್ರಿಯಲ್ ನಗರದ ವ್ಯಾಪಾರಿಗಳು, ಮೊದಲು ಫ್ರೆಂಚರು, ಆಮೇಲೆ ನಾರ್ತ್ ವೆಸ್ಟ್ ಕಂಪನಿಯವರು, ದೋಣಿಗಳಲ್ಲಿ ಮಾಲು ತುಂಬಿಕೊಂಡು ಬೇಟೆಗಾರರಿದ್ದಲ್ಲಿಗೇ ಹೋದರು. ಈ ಎರಡು ಕಂಪನಿಗಳೂ 1821ರಲ್ಲಿ ಒಂದಾದವು. ತಾವು ಕೇಳಿದ ಹೊರೆಯಾಳುಗಳ ಚಿತ್ರ ಹೆಚ್ಚಾಗಿ ಕಾಣುವುದು ಮಾಂಟ್ರಿಯಲ್ ಕಡೆಯ ವ್ಯವಸ್ಥೆಯಲ್ಲಿ. ಫ್ರೆಂಚ್ ಮಾತನಾಡುವ ರೈತಾಪಿ ಮನೆಗಳ ಆ ಹುಡುಗರನ್ನು ವಾಯಜರ್ ಎಂದು ಕರೆಯುತ್ತಿದ್ದರು. ನೋಟರಿಯ ಮುಂದೆ ಕರಾರಾಗುತ್ತಿತ್ತು. ಹೆಸರು ಬರೆಯಲು ಬಾರದವರು ಶಿಲುಬೆಯಂಥ ಗುರುತು ಹಾಕುತ್ತಿದ್ದರು. ಸ್ವಲ್ಪ ಮುಂಗಡ, ಒಂದು ಕಂಬಳಿ, ಅಂಗಿ, ತಂಬಾಕು ಕೈಗೆ ಬರುತ್ತಿತ್ತು. ಮೇ ತಿಂಗಳಲ್ಲಿ ನದಿಯ ಹಿಮ ಒಡೆದೊಡನೆ ಲಾಶೀನ್ ಎಂಬಲ್ಲಿಂದ ದೋಣಿಗಳು ಹೊರಡುತ್ತಿದ್ದವು. ಮಾಂಟ್ರಿಯಲ್ ದ್ವೀಪದ ತುದಿಯಲ್ಲಿದ್ದ ಸಂತ ಆ್ಯನ್ ದೇವಾಲಯದಲ್ಲಿ ಕಾಣಿಕೆ ಹಾಕಿ ಮುಂದಕ್ಕೆ ಹೋಗುವುದು ವಾಡಿಕೆಯಾಗಿತ್ತು.

ದೊಡ್ಡ ದೋಣಿಯ ಉದ್ದ ಸುಮಾರು 11 ಮೀಟರು. ಸೀಡರ್ ಮರದ ತೆಳು ಪಟ್ಟಿಗಳ ಮೇಲೆ ಬರ್ಚ್ ಮರದ ತೊಗಟೆಯನ್ನು ಹೊದಿಸಿ, ಸ್ಪ್ರೂಸ್ ಮರದ ಬೇರಿನಿಂದ ಹೊಲಿದು, ಹೊಲಿಗೆಗೆ ಮರದ ಅಂಟನ್ನು ಕೊಬ್ಬಿನೊಡನೆ ಕಾಯಿಸಿ ಬಳಿಯುತ್ತಿದ್ದರು. ಅದರಲ್ಲಿ ಕಬ್ಬಿಣದ ಒಂದು ಮೊಳೆಯೂ ಇರುತ್ತಿರಲಿಲ್ಲ. ಅಂಥ ದೋಣಿಯಲ್ಲಿ ಎಂಟು ಹತ್ತು ಜನರೂ ಅರವತ್ತಕ್ಕೂ ಹೆಚ್ಚು ಮೂಟೆಗಳೂ ಸಾಗುತ್ತಿದ್ದವು. ಮೂಟೆಯೊಂದರ ತೂಕ 90 ಪೌಂಡು, ನಮ್ಮ ಲೆಕ್ಕದಲ್ಲಿ 41 ಕಿಲೋ. ಮುಂದೆ ನಿಂತು ನೀರನ್ನು ಓದುವವನಿಗೂ ಹಿಂದೆ ನಿಂತು ದಿಕ್ಕು ತಿರುಗಿಸುವವನಿಗೂ ಸಂಬಳ ಹೆಚ್ಚು. ನಡುವೆ ಕುಳಿತು ಹುಟ್ಟು ಹಾಕುವವರಿಗೆ ಕಡಿಮೆ.

ಈಗ ತಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಜಲಪಾತವೋ ಬಂಡೆಗಳ ನಡುವಿನ ಸೆಳವೋ ಅಡ್ಡ ಬಂದಾಗ ದೋಣಿಯನ್ನು ದಡಕ್ಕೆ ತಂದು, ಮಾಲನ್ನೂ ದೋಣಿಯನ್ನೂ ಹೊತ್ತುಕೊಂಡು ನೆಲದ ಮೇಲೆ ನಡೆಯಬೇಕಾಗಿತ್ತು. ಇಂಥ ದಾರಿಗೆ ಪೋರ್ಟೇಜ್ ಎಂದು ಹೆಸರು. ನಮ್ಮಲ್ಲಿ ಹೊರೆ ತಲೆಯ ಮೇಲೆ ಕೂರುತ್ತದೆ. ಅಲ್ಲಿ ಬೆನ್ನ ಮೇಲೆ ಕೂರುತ್ತಿತ್ತು. ಅಗಲವಾದ ಚರ್ಮದ ಪಟ್ಟಿಯನ್ನು ಹಣೆಗೆ ಕೊಟ್ಟು, ಅದರ ಎರಡು ಬಾಲಗಳಿಂದ ಮೊದಲ ಮೂಟೆಯನ್ನು ಬಿಗಿದು ಸೊಂಟದ ಮೇಲ್ಭಾಗಕ್ಕೆ ತಂದುಕೊಂಡು, ಎರಡನೆಯ ಮೂಟೆಯನ್ನು ಅದರ ಮೇಲೆ, ಹೆಗಲುಗಳ ನಡುವೆ ಹೇರಿಕೊಳ್ಳುತ್ತಿದ್ದರು. ಅಂದರೆ ಒಂದು ಸಲಕ್ಕೆ 82 ಕಿಲೋ. ಕುತ್ತಿಗೆಯನ್ನು ಬಿಗಿಹಿಡಿದು, ಮುಂದಕ್ಕೆ ಬಾಗಿ, ಓಟವೂ ಅಲ್ಲದ ನಡಿಗೆಯೂ ಅಲ್ಲದ ಒಂದು ಚುರುಕಿನ ಹೆಜ್ಜೆಯಲ್ಲಿ ಅವರು ಸಾಗುತ್ತಿದ್ದರು. ಅರ್ಧ ಮೈಲಿಯ ಆಸುಪಾಸಿಗೆ ಹೊರೆ ಇಳಿಸುವ ಒಂದೊಂದು ತಾಣ ಇರುತ್ತಿತ್ತು. ನಮ್ಮ ಹಳೆಯ ದಾರಿಗಳಲ್ಲಿ ಹೊರೆ ಇಳಿಸಲು ಕಲ್ಲುಕಟ್ಟೆಗಳಿದ್ದವಲ್ಲ, ಹಾಗೆಯೇ. ದಾರಿಯ ಉದ್ದವನ್ನೂ ಆ ತಾಣಗಳ ಸಂಖ್ಯೆಯಿಂದಲೇ ಹೇಳುತ್ತಿದ್ದರು. ನೀರಿನ ದಾರಿಯನ್ನು ಮಾತ್ರ ಎಷ್ಟು ಸಲ ನಿಂತು ಚಿಲುಮೆ ಸೇದಿದರು ಎಂಬುದರಿಂದ ಅಳೆಯುತ್ತಿದ್ದರು. ಹರದಾರಿ, ಕೂಗಳತೆ ಎಂದು ಅಳೆದ ನಮ್ಮ ಹಿರಿಯರಿಗೆ ಈ ಲೆಕ್ಕ ಕೂಡಲೇ ತಿಳಿಯುತ್ತಿತ್ತು.

ಸುಪೀರಿಯರ್ ಸರೋವರದ ಪಶ್ಚಿಮಕ್ಕಿರುವ ಗ್ರ್ಯಾಂಡ್ ಪೋರ್ಟೇಜ್ ಸುಮಾರು 14 ಕಿಲೋಮೀಟರು ಉದ್ದವಿದ್ದು, ಗುಡ್ಡ ಹತ್ತಿ ಇಳಿಯುವ ದಾರಿ. ಅಲ್ಲಿ ಪ್ರತಿಯೊಬ್ಬ ಆಳೂ ಕರಾರಿನಂತೆ ಎಂಟು ಮೂಟೆಗಳನ್ನು ದಾಟಿಸಲೇಬೇಕು. ಅದಕ್ಕೂ ಮೇಲೆ ಹೊತ್ತ ಪ್ರತಿ ಮೂಟೆಗೆ ಒಂದು ಸ್ಪ್ಯಾನಿಷ್ ಡಾಲರ್ ಕೂಲಿ ಎಂದು ನಾರ್ತ್ ವೆಸ್ಟ್ ಕಂಪನಿಯ ವ್ಯಾಪಾರಿ ಅಲೆಗ್ಸಾಂಡರ್ ಮೆಕೆಂಜಿ ಬರೆದಿಟ್ಟಿದ್ದಾನೆ. ಎರಡೆರಡರಂತೆ ಎಂಟು ಮೂಟೆ ಎಂದರೆ ಹೊರೆಯೊಡನೆ ನಾಲ್ಕು ಸಲ, ಬರಿಗೈಯಲ್ಲಿ ಮರಳಿ ಮೂರು ಸಲ. ಒಟ್ಟು 98 ಕಿಲೋಮೀಟರು ನಡಿಗೆ. ಅದರಲ್ಲಿ 56 ಕಿಲೋಮೀಟರು 82 ಕಿಲೋ ಭಾರದಡಿ. ಈ ಲೆಕ್ಕವನ್ನು ತಮ್ಮ ಸಭೆಯಲ್ಲಿ ಹಲಗೆಯ ಮೇಲೆ ಬರೆದು ತೋರಿಸಿ. ಡೊಂಬಿವಲಿಯಿಂದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿಗೆ ಹೋಗಿ ಮರಳಿ ಬಂದ ದೂರಕ್ಕೆ ಅದು ಹೆಚ್ಚು ಕಡಿಮೆ ಸಮ.

ನಸುಕು ಹರಿಯುವ ಎಷ್ಟೋ ಮೊದಲು ಎಬ್ಬಿಸಿದರೆ ಕತ್ತಲಾಗುವವರೆಗೂ ಹುಟ್ಟು ನಿಲ್ಲುತ್ತಿರಲಿಲ್ಲ. ನಿಮಿಷಕ್ಕೆ ಐವತ್ತರ ಹತ್ತಿರ ಹತ್ತಿರ ಹುಟ್ಟಿನ ಏಟು. ಆ ಲಯ ತಪ್ಪದಿರಲೆಂದು ಹಾಡು. ರಾತ್ರಿ ದೋಣಿಯನ್ನು ಮಗುಚಿ ಅದರಡಿ ಮಲಗುವ ಮುಂಚೆ ಹೊಲಿಗೆಗಳಿಗೆ ಅಂಟು ಬಳಿಯುವ ಕೆಲಸವಿರುತ್ತಿತ್ತು. ಊಟಕ್ಕೆ ಮಾಂಟ್ರಿಯಲ್ಲಿನಿಂದ ತಂದ ಒಣ ಬಟಾಣಿ, ಹಂದಿಯ ಕೊಬ್ಬು, ಗಟ್ಟಿ ಬಿಸ್ಕತ್ತು; ಆಮೇಲೆ ಬೂದಿಯ ಕ್ಷಾರದಲ್ಲಿ ಬೇಯಿಸಿ ಸಿಪ್ಪೆ ತೆಗೆದು ಒಣಗಿಸಿದ ಮೆಕ್ಕೆಜೋಳವನ್ನು ಕೊಬ್ಬು ಹಾಕಿ ಕುದಿಸಿದ ಅಂಬಲಿ. ಬೇಸಿಗೆ ಮುಗಿಯುವುದರೊಳಗೆ ಮಾಂಟ್ರಿಯಲ್ಲಿಗೆ ಮರಳುವವರನ್ನು, ಒಳನಾಡಿನಲ್ಲಿ ಚಳಿಗಾಲ ಕಳೆಯುವವರು ಹಂದಿ ತಿನ್ನುವವರು ಎಂದು ಕೀಳಾಗಿ ಕರೆಯುತ್ತಿದ್ದರು. ದುಡಿಯುವವರಲ್ಲಿಯೇ ಮೇಲು ಕೀಳು ಹೇಗೆ ಹುಟ್ಟಿಕೊಳ್ಳುತ್ತದೆ ಎಂಬುದು ಇಲ್ಲಿಯೂ ಕಾಣುತ್ತದೆ.

ಕೈಯಲ್ಲಿ ಉಳಿಯುತ್ತಿತ್ತೇ ಎಂದು ಕೇಳಿದ್ದೀರಿ. ಒಳನಾಡಿನಲ್ಲಿ ಅಂಗಡಿ ಎಂದರೆ ಕಂಪನಿಯ ಅಂಗಡಿಯೊಂದೇ, ಅದು ಹೇಳಿದ್ದೇ ಬೆಲೆ. ಅಂಗಿ, ತಂಬಾಕು, ರಮ್ ಎಲ್ಲವೂ ಉದ್ರಿಯಲ್ಲಿ ಸಿಗುತ್ತಿತ್ತು, ಸಂಬಳದ ಖಾತೆಯಿಂದ ಕಳೆಯುತ್ತಿತ್ತು. ಹೀಗಾಗಿ ಅನೇಕರು ಸಾಲ ತೀರಿಸಲು ಮತ್ತೆ ಮೂರು ವರ್ಷದ ಕರಾರಿಗೆ ಗುರುತು ಹಾಕಿದರು. ಭಾರಕ್ಕೆ ಅಂಡವಾಯು ಬಂದವರು, ಸೆಳವಿನಲ್ಲಿ ಮುಳುಗಿದವರು ಬಹಳ. ಸೆಳವುಗಳ ದಡದಲ್ಲಿ ಸಾಲಾಗಿ ನೆಟ್ಟ ಮರದ ಶಿಲುಬೆಗಳನ್ನು ಆ ದಾರಿಯಲ್ಲಿ ಹೋದವರು ಮತ್ತೆ ಮತ್ತೆ ದಾಖಲಿಸಿದ್ದಾರೆ.

ಉತ್ತರ 2: ವಾಸ್ಕೋದಿಂದ, ಊರು ಕಾರವಾರ

ಗುರುಗಳು ದೋಣಿಯ ಕಡೆಯನ್ನು ಹೇಳಿದ್ದಾರೆ. ನಾನು ಕೊಲ್ಲಿಯ ಕಡೆಯನ್ನು ಹೇಳುತ್ತೇನೆ. ಬಂದರಿನಲ್ಲಿ ಸರಕಿನ ಲೆಕ್ಕ ಬರೆಯುವುದು ನನ್ನ ಉದ್ಯೋಗವಾದ್ದರಿಂದ ನನಗೆ ಆ ಕಡೆಯ ಮೇಲೆಯೇ ಒಲವು.

ಅಲ್ಲಿನ ಮುಖ್ಯ ಠಾಣ್ಯದ ಹೆಸರು ಯಾರ್ಕ್ ಫ್ಯಾಕ್ಟರಿ. ಅದನ್ನು ಕಾರ್ಖಾನೆ ಎಂದು ಅನುವಾದಿಸಿದವರನ್ನು ನೋಡಿದ್ದೇನೆ. ಅದು ಕಾರ್ಖಾನೆಯಲ್ಲ, ಕೋಠಿ. ನಮ್ಮ ಕಾರವಾರದಲ್ಲಿಯೂ 17ನೆಯ ಶತಮಾನದಲ್ಲಿ ಇಂಗ್ಲಿಷರು ಮೆಣಸಿಗಾಗಿ ಇಟ್ಟಿದ್ದ ಫ್ಯಾಕ್ಟರಿ ಇಂಥದ್ದೇ. ಫ್ಯಾಕ್ಟರ್ ಎಂದರೆ ಕಂಪನಿಯ ಪರವಾಗಿ ಕೊಳ್ಳುವ ಮಾರುವ ಗುಮಾಸ್ತ. ಅವನು ಇರುವ, ಸರಕು ಇಡುವ ಜಾಗ ಫ್ಯಾಕ್ಟರಿ. ಭಾಷಣದಲ್ಲಿ ಕೋಠಿ ಎಂಬ ಪದವನ್ನೇ ಬಳಸಿದರೆ ಕೇಳುವವರಿಗೆ ಚಿತ್ರ ಸರಿಯಾಗಿ ಮೂಡುತ್ತದೆ.

ಈ ಕೋಠಿಗಳ ಆಳುಗಳು ಬಂದದ್ದು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಿಂದ. ಲಂಡನ್ನಿನಿಂದ ಹೊರಟ ಕಂಪನಿಯ ಹಡಗುಗಳು ಸ್ಟ್ರೊಮ್ನೆಸ್ ಎಂಬ ಬಂದರಿನಲ್ಲಿ ನೀರು ತುಂಬಿಕೊಳ್ಳುತ್ತಿದ್ದವು, ಆಳುಗಳನ್ನೂ ಅಲ್ಲಿಯೇ ಹತ್ತಿಸಿಕೊಳ್ಳುತ್ತಿದ್ದವು. 18ನೆಯ ಶತಮಾನದ ಕೊನೆಯ ಹೊತ್ತಿಗೆ ಕಂಪನಿಯ ನಾಲ್ವರು ಆಳುಗಳಲ್ಲಿ ಮೂವರು ಆರ್ಕ್ನಿಯವರೇ. ಕೂಲಿಯಾಳಿಗೆ ವರ್ಷಕ್ಕೆ 6 ಪೌಂಡ್ ಸಂಬಳ, ಐದು ವರ್ಷದ ಕರಾರು, ಊಟ ವಸತಿ ಕಂಪನಿಯದು. ಹಡಗು ಬರುವುದು ವರ್ಷಕ್ಕೆ ಒಂದೇ ಸಲ, ಬೇಸಿಗೆಯ ಕೊನೆಗೆ. ಊರಿನಲ್ಲಿ ತಂದೆ ತೀರಿಕೊಂಡ ಸುದ್ದಿಯೂ ಆ ಹಡಗಿನಲ್ಲಿಯೇ ಬರಬೇಕು. ಸಂಬಳ ಅಲ್ಪವಾದರೂ ಖರ್ಚಿಗೆ ದಾರಿಯೇ ಇಲ್ಲದ್ದರಿಂದ, ಮಾಂಟ್ರಿಯಲ್ಲಿನ ಆಳುಗಳಿಗಿಂತ ಇವರಲ್ಲಿ ಉಳಿಸಿದವರು ಹೆಚ್ಚು. ಅನೇಕರು ಮರಳಿ ಊರಿಗೆ ಹೋಗಿ ಹೊಲ ಮಾಡಿಕೊಂಡರು.

ಅವರಲ್ಲಿ ವಿಲಿಯಂ ಟಾಮಿಸನ್ ಎಂಬವನ ಬದುಕನ್ನು ತಾವು ತಪ್ಪದೆ ಹೇಳಬೇಕು. 1760ರಲ್ಲಿ ಬರಿಯ ಕೂಲಿಯಾಳಾಗಿ ಸೇರಿದ ಅವನು ಒಳನಾಡಿನ ಮುಖ್ಯಾಧಿಕಾರಿಯ ಹುದ್ದೆಗೆ ಏರಿದ. 1781 ಮತ್ತು 1782ರಲ್ಲಿ ಸಿಡುಬು ಸಸ್ಕಾಚೆವಾನ್ ನದಿಯ ಬದಿಯ ಜನರನ್ನು ಮನೆಮನೆಯಾಗಿ ಅಳಿಸಿಹಾಕಿದಾಗ ಅವನೂ ಅವನ ಆಳುಗಳೂ ರೋಗಿಗಳನ್ನು ಕೋಠಿಯೊಳಗೆ ತಂದು ಆರೈಕೆ ಮಾಡಿದರು, ಸತ್ತವರನ್ನು ಹೂಳಿದರು. 1829ರಲ್ಲಿ ಸಾಯುವಾಗ ತನ್ನ ದುಡ್ಡನ್ನು ಹುಟ್ಟೂರಾದ ಸೌತ್ ರೊನಾಲ್ಡ್‌ಸೇಯಲ್ಲಿ ಬಡ ಮಕ್ಕಳ ಶಾಲೆಗಾಗಿ ಬಿಟ್ಟುಹೋದ. ಮುಂಬಯಿಯ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು, ಆಮೇಲೆ ಉಡುಪಿ ಕುಂದಾಪುರದ ಕಡೆ ಶಾಲೆ ಕಟ್ಟಿಸಿದ ನಮ್ಮವರನ್ನು ಬಲ್ಲ ಸಭೆಗೆ ಈ ಮನುಷ್ಯನನ್ನು ಪರಿಚಯಿಸಲು ಹೆಚ್ಚು ಮಾತು ಬೇಕಿಲ್ಲ.

ದಿನದ ಕೆಲಸ ಎಂದರೆ ಮೊದಲನೆಯದು ಸೌದೆ. ಎಂಟು ತಿಂಗಳ ಚಳಿಗೆ ಕಡಿದಷ್ಟೂ ಸಾಲದು. ವರ್ಷಗಳು ಉರುಳಿದಂತೆ ಕಾಡು ದೂರ ಸರಿಯುತ್ತಿತ್ತು, ಸೌದೆ ಎಳೆದು ತರುವ ದಾರಿ ಬೆಳೆಯುತ್ತಿತ್ತು. ಹಿಮಗಡ್ಡೆಯಲ್ಲಿ ತೂತು ಕೊರೆದು ಬಲೆ ಬಿಡುವುದು, ವಸಂತದಲ್ಲಿಯೂ ಶರತ್ಕಾಲದಲ್ಲಿಯೂ ಹಾದುಹೋಗುವ ಹೆಬ್ಬಾತುಗಳನ್ನು ಹೊಡೆದು ಪೀಪಾಯಿಗಳಲ್ಲಿ ಉಪ್ಪು ಹಾಕಿಡುವುದು, ಕಮ್ಮಾರನಿಗೆ ಕೊಡಲಿ ಮತ್ತು ಹಿಮ ಒಡೆಯುವ ಉಳಿ ಬಡಿಯುವುದು, ದರ್ಜಿಗೆ ಕೋಟು ಹೊಲಿಯುವುದು. ಇವೆಲ್ಲ ನಮಗೆ ಗೊತ್ತಾಗಿರುವುದು ಕೋಠಿಯ ದಿನವಹಿಗಳಿಂದ. ಗಾಳಿ ಯಾವ ಕಡೆಯದು, ಯಾರು ಸೌದೆಗೆ ಹೋದರು, ಯಾರಿಗೆ ಜ್ವರ, ಎಷ್ಟು ಮೀನು ಬಿತ್ತು ಎಂದು ಪ್ರತಿ ದಿನ ಬರೆದು ಲಂಡನ್ನಿಗೆ ಕಳಿಸಬೇಕಾಗಿತ್ತು. ಕಂಪನಿ 1994ರಲ್ಲಿ ಆ ಕಾಗದಗಳನ್ನೆಲ್ಲ ಮ್ಯಾನಿಟೋಬಾ ಪ್ರಾಂತ್ಯಕ್ಕೆ ದಾನವಾಗಿ ಕೊಟ್ಟಿತು, ಈಗ ಅವು ವಿನಿಪೆಗ್ ನಗರದಲ್ಲಿವೆ. 2007ರಲ್ಲಿ ಯುನೆಸ್ಕೋ ಅವುಗಳನ್ನು ವಿಶ್ವ ಸ್ಮೃತಿಯ ಪಟ್ಟಿಗೆ ಸೇರಿಸಿತು. ಕೀರ್ದಿ ಖತಾವಣಿ ಬರೆಯುವ ನಮ್ಮಂಥವರ ಕೆಲಸವೂ ಒಂದು ದಿನ ಯಾರದೋ ಬದುಕಿನ ಸಾಕ್ಷಿಯಾಗಬಹುದೆಂದು ಅವುಗಳ ಪ್ರತಿಗಳನ್ನು ನೋಡಿದಾಗ ಅನ್ನಿಸಿತು.

ವ್ಯಾಪಾರಕ್ಕೆ ನಾಣ್ಯ ಬಳಕೆಯಲ್ಲಿರಲಿಲ್ಲ. ಹದಮಾಡಿದ ಒಳ್ಳೆಯ ಒಂದು ಬೀವರ್ ತೊಗಲೇ ಲೆಕ್ಕದ ಘಟಕ. ಅದಕ್ಕೆ ಮೇಡ್ ಬೀವರ್ ಎಂಬ ಹೆಸರು. ಬಂದೂಕಿಗೆ ಇಷ್ಟು, ಕೆಟಲಿನ ತೂಕದ ಪ್ರತಿ ಪೌಂಡಿಗೆ ಇಷ್ಟು ಎಂದು ದರಪಟ್ಟಿ ಇರುತ್ತಿತ್ತು. ತೊಗಲು ತರುತ್ತಿದ್ದ ಅಲ್ಲಿನ ಮೂಲನಿವಾಸಿಗಳಾದ ಕ್ರೀ ಜನರು ಸಿಕ್ಕಿದ್ದನ್ನು ತಲೆಬಾಗಿ ಒಯ್ದವರು ಎಂಬ ಭಾವನೆ ತಪ್ಪು. ಅಳತೆ ತುಂಬಿ ಕೊಡಬೇಕೆಂದು ಅವರ ಮುಖಂಡರು ಎಲ್ಲರ ಮುಂದೆ ಕೇಳುತ್ತಿದ್ದರು. ಕೆಟಲು ಭಾರವಾದರೆ, ಚಳಿಗೆ ಬಂದೂಕಿನ ನಳಿಗೆ ಸಿಡಿದರೆ, ಅವರ ದೂರು ಲಂಡನ್ನಿನವರೆಗೂ ಹೋಗಿ ಮರುವರ್ಷದ ಮಾಲು ಬದಲಾಗುತ್ತಿತ್ತು. ತಂಬಾಕಿನಲ್ಲಂತೂ ಅವರಿಗೆ ಬ್ರೆಜಿಲಿನ ಹುರಿತಂಬಾಕೇ ಆಗಬೇಕು, ವರ್ಜೀನಿಯಾದ್ದು ಒಗ್ಗುತ್ತಿರಲಿಲ್ಲ. ಆದ್ದರಿಂದ ಕಂಪನಿಯವರು ಅದನ್ನು ಲಿಸ್ಬನ್ನಿನಿಂದ ತರಿಸುತ್ತಿದ್ದರು. ಅದೇ ಬ್ರೆಜಿಲಿನ ತಂಬಾಕು ಅದೇ ಲಿಸ್ಬನ್ನಿನಿಂದ ಪೋರ್ಚುಗೀಸ್ ಹಡಗುಗಳಲ್ಲಿ ನಮ್ಮ ಗೋವೆಗೂ ಬರುತ್ತಿತ್ತು. ಇಲ್ಲಿ ಅದರ ಮಾರಾಟ ಸರಕಾರದ ಗುತ್ತಿಗೆಯಲ್ಲಿತ್ತು. ಹಿಮದ ಮೇಲೆ ಕುಳಿತ ಕ್ರೀ ಬೇಟೆಗಾರನೂ ಮಾಂಡವಿಯ ದಡದ ದೋಣಿಗಾರನೂ ಒಂದೇ ನೆಲದ ಎಲೆಯನ್ನು ಸೇದಿದ್ದಾರೆ.

ಉತ್ತರ 3: ಪಿಂಪ್ರಿಯಿಂದ, ಗೃಹಿಣಿ ಮತ್ತು ಓದುಗಿ

ಅಣ್ಣಾವ್ರೇ, ಕಂಬಳಿಯ ಮಾತು ಬಂದದ್ದರಿಂದ ಬರೆಯದೆ ಇರಲಾಗಲಿಲ್ಲ. ನನ್ನ ತವರು ಚಳ್ಳಕೆರೆಯ ಕಡೆ, ಕಂಬಳಿ ನೇಯುವ ಮನೆ. ಅಜ್ಜಿ ಹುಣಸೆಬೀಜದ ಗಂಜಿ ಕಾಯಿಸಿ ಹಾಸುನೂಲಿಗೆ ಬಳಿಯುತ್ತಿದ್ದುದು, ಆ ಗಂಜಿಯ ವಾಸನೆ, ಈಗಲೂ ನೆನಪಿದೆ.

ತಾವು ಓದಿದ್ದು ಬಹಳ ಕಡೆ ಹಬ್ಬಿರುವ ತಪ್ಪು ತಿಳಿವಳಿಕೆ. ಆ ಗೆರೆಗಳು ಬೆಲೆಯ ಗುರುತಲ್ಲ, ಅಳತೆಯ ಗುರುತು. ಉಣ್ಣೆಯ ಬಟ್ಟೆಯನ್ನು ನೇಯ್ದ ಮೇಲೆ ನೀರಿನಲ್ಲಿ ಕುಟ್ಟಿ ಕುಗ್ಗಿಸುತ್ತಾರೆ. ಕುಗ್ಗಿದ ಮೇಲೆ ಉಳಿದ ಅಳತೆ ಎಷ್ಟು ಎಂಬುದನ್ನು ಮಡಿಕೆ ಬಿಚ್ಚದೆಯೇ ತಿಳಿಯಲೆಂದು ಅಂಚಿನಲ್ಲಿ ಬೆರಳುದ್ದದ ಗೆರೆಗಳನ್ನು ನೇಯುತ್ತಿದ್ದರು. ಮೂರು ಗೆರೆಯದಕ್ಕಿಂತ ನಾಲ್ಕು ಗೆರೆಯದು ದೊಡ್ಡದು. ಹಡ್ಸನ್ಸ್ ಬೇ ಕಂಪನಿ 1779ರ ಕೊನೆಗೆ ಇಂಗ್ಲೆಂಡಿನ ವಿಟ್ನಿ ಊರಿನ ನೇಕಾರ ಥಾಮಸ್ ಎಂಪ್ಸನ್‌ಗೆ ಇಂಥ ಕಂಬಳಿಗಳನ್ನು ನಿಯತವಾಗಿ ನೇಯಲು ಹೇಳಿತು; ಕೆನಡಾದ ಫ್ರೆಂಚ್ ವ್ಯಾಪಾರಿಗಳಲ್ಲಿ ಗೆರೆಯ ಪದ್ಧತಿ ಅದಕ್ಕೂ ಮೊದಲೇ ಇತ್ತು. ಕಂಬಳಿಯ ಬೆಲೆ ಕಾಲದಿಂದ ಕಾಲಕ್ಕೆ ಬದಲಾಗುತ್ತಿತ್ತು, ನೇಯ್ದ ಗೆರೆ ಬದಲಾಗುವುದು ಹೇಗೆ? ನಮ್ಮಲ್ಲಿ ಕಂಬಳಿಯನ್ನು ಮೊಳದ ಲೆಕ್ಕದಲ್ಲಿ ಹೇಳುವಂತೆ ಅಲ್ಲಿ ಗೆರೆಯ ಲೆಕ್ಕದಲ್ಲಿ ಹೇಳುತ್ತಿದ್ದರು, ಅಷ್ಟೇ.

ಇನ್ನು ಹೆಂಗಸರ ಪಾಲು. ಅದು ಪಾಲು ಎನ್ನುವಷ್ಟು ಸಣ್ಣದಲ್ಲ. ಬೀವರನ್ನು ಹಿಡಿಯುವುದು ಗಂಡಸರ ಕೆಲಸವಾಗಿದ್ದರೂ, ಹಿಡಿದ ಮೇಲೆ ತೊಗಲು ಸುಲಿದು, ಒಳಬದಿಯ ಕೊಬ್ಬು ಮಾಂಸವನ್ನು ಮೂಳೆಯ ಉಳಿಯಿಂದ ಕೆರೆದು ತೆಗೆದು, ವಿಲೋ ಮರದ ಬಳ್ಳಿಯನ್ನು ಬಳೆಯಂತೆ ಬಗ್ಗಿಸಿ ಅದಕ್ಕೆ ತೊಗಲಿನ ಅಂಚನ್ನು ಸುತ್ತಲೂ ಹೊಲಿದು ಬಿಗಿಯಾಗಿ ಒಣಗಿಸುವವರು ಹೆಂಗಸರು. ಕೆರೆಯುವಾಗ ಕೈ ತಪ್ಪಿ ತೂತಾದರೆ ಬೆಲೆ ಹೋಯಿತು. ಇದಕ್ಕೂ ಬೆಲೆಬಾಳುವುದು ತೊಟ್ಟು ಹಳತಾದ ತೊಗಲು. ಆರೇಳು ತೊಗಲನ್ನು ಸೇರಿಸಿ ಹೊಲಿದ ಮೇಲಂಗಿಯನ್ನು ತುಪ್ಪಳ ಒಳಬದಿಗೆ ಬರುವಂತೆ ಒಂದೆರಡು ಚಳಿಗಾಲ ತೊಟ್ಟರೆ, ಮೈಯ ಬೆವರಿಗೂ ಉಜ್ಜುವಿಕೆಗೂ ಹೊರಗಿನ ಒರಟು ಕೂದಲೆಲ್ಲ ಉದುರಿ ಒಳಗಿನ ಮೃದುವಾದ ತುಪ್ಪಳವಷ್ಟೇ ಉಳಿಯುತ್ತಿತ್ತು. ಆ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳಿದ್ದು, ಒದ್ದೆ ಮಾಡಿ ಒತ್ತಿದರೆ ಒಂದಕ್ಕೊಂದು ಸಿಕ್ಕಿಕೊಂಡು ನೇಯದೆಯೇ ಬಟ್ಟೆಯಾಗುತ್ತದೆ. ಯುರೋಪಿನಲ್ಲಿ ಟೋಪಿ ಮಾಡುವವರಿಗೆ ಬೇಕಾಗಿದ್ದುದು ಇದೇ. ತೊಡದ ತೊಗಲಿನ ಕೂದಲನ್ನು ಹದಕ್ಕೆ ತರಲು ಅಲ್ಲಿ ಮುಂದೆ ಪಾದರಸದ ದ್ರಾವಣ ಬಳಸಿದರು, ಅದರ ಹಬೆಗೆ ಟೋಪಿ ಮಾಡುವವರ ಕೈಕಾಲು ನಡುಗತೊಡಗಿದವು. ಕಾಡಿನ ಹೆಂಗಸಿನ ಮೈಯ ಬಿಸಿ ತಾನಾಗಿ ಮಾಡುತ್ತಿದ್ದ ಕೆಲಸಕ್ಕೆ ನಗರದಲ್ಲಿ ವಿಷ ಬೇಕಾಯಿತು. ಇದನ್ನು ಓದಿದ ದಿನ ನನಗೆ ಬಹಳ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ.

ಹಿಮದ ಮೇಲೆ ನಡೆಯುವ ಬಲೆಚಪ್ಪಲಿಯ ಹೆಣಿಗೆ, ಬೇಗ ಸವೆದುಹೋಗುವ ಮೊಕಸಿನ್ ಜೋಡುಗಳು, ದೋಣಿ ಹೊಲಿಯುವ ಬೇರು, ಬಳಿಯುವ ಅಂಟು, ಎಲ್ಲವೂ ಹೆಂಗಸರ ಕೈಯವು. ಗುರುಗಳು ಅಂಬಲಿಯ ಬಗ್ಗೆ ಬರೆದರು. ಬಯಲು ಸೀಮೆಯಿಂದ ಆಚೆ ದೋಣಿಗಳನ್ನು ನಡೆಸಿದ್ದು ಪೆಮಿಕನ್. ಕಾಡೆಮ್ಮೆಯ ಮಾಂಸವನ್ನು ತೆಳುವಾಗಿ ಕೊಯ್ದು ಒಣಗಿಸಿ, ಕುಟ್ಟಿ ಪುಡಿ ಮಾಡಿ, ಅಷ್ಟೇ ತೂಕದ ಕರಗಿಸಿದ ಕೊಬ್ಬನ್ನು ಸುರಿದು, ಕೆಲವೊಮ್ಮೆ ಕಾಡುಹಣ್ಣು ಬೆರೆಸಿ, ತೊಗಲಿನ ಚೀಲದಲ್ಲಿ ತುಂಬಿ ಹೊಲಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಆ ಚೀಲವೂ 90 ಪೌಂಡಿನದೇ. ದೂರ ಪ್ರಯಾಣಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುವ ಕೈಗಳಿಗೆ ಆ ಲೆಕ್ಕಾಚಾರ ಅರ್ಥವಾಗುತ್ತದೆ. ಈ ಬುತ್ತಿಯ ಮೇಲೆ ಎಷ್ಟು ಬದುಕು ನಿಂತಿತ್ತೆಂದರೆ, 1814ರ ಜನವರಿಯಲ್ಲಿ ಕೆಂಪುನದಿಯ ವಸಾಹತಿನ ಗವರ್ನರ್ ಮೈಲ್ಸ್ ಮೆಕ್‌ಡೊನೆಲ್ ಪೆಮಿಕನ್ ಹೊರಗೆ ಸಾಗಿಸಬಾರದೆಂದು ಅಪ್ಪಣೆ ಹೊರಡಿಸಿದ್ದೇ ಎರಡು ಕಂಪನಿಗಳ ನಡುವಿನ ಹಗೆಯನ್ನು ರಕ್ತಪಾತಕ್ಕೆ ಒಯ್ದ ಕಾರಣಗಳಲ್ಲಿ ಒಂದಾಯಿತು.

ಹೆಸರು ಉಳಿದವರೂ ಇದ್ದಾರೆ. ಚಿಪೆವಯಾನ್ ಜನಾಂಗದ ಥನಡೆಲ್ತೂರ್ ಎಂಬ ತರುಣಿ, ಕ್ರೀ ಜನರ ಸೆರೆಯಿಂದ ತಪ್ಪಿಸಿಕೊಂಡು ಯಾರ್ಕ್ ಕೋಠಿಗೆ ಬಂದು, 1715ರಲ್ಲಿ ಹೊರಟ ಸಂಧಾನದ ತಂಡಕ್ಕೆ ದುಭಾಷಿಯಾಗಿ, ಪರಸ್ಪರ ಕೊಲ್ಲುತ್ತಿದ್ದ ಎರಡು ಜನಾಂಗಗಳನ್ನು ಗಂಟಲು ಕಟ್ಟುವವರೆಗೆ ಮಾತನಾಡಿ ರಾಜಿಗೆ ತಂದಳು. 1717ರ ಚಳಿಗಾಲದಲ್ಲಿ ಕಾಯಿಲೆಯಿಂದ ತೀರಿಕೊಂಡಾಗ ಕೋಠಿಯ ಮುಖ್ಯಸ್ಥ ತನ್ನ ದಿನವಹಿಯಲ್ಲಿ ಅವಳಿಗಾಗಿ ಮರುಗಿದ್ದಾನೆ. ಆರ್ಕ್ನಿಯ ಇಸೊಬೆಲ್ ಗನ್ 1806ರಲ್ಲಿ ಗಂಡಸಿನ ವೇಷದಲ್ಲಿ, ಗಂಡಸಿನ ಹೆಸರಿನಲ್ಲಿ ಕಂಪನಿಗೆ ಸೇರಿ, ಗಂಡಸರ ಸಮ ದುಡಿದಳು. 1807ರ ಡಿಸೆಂಬರಿನಲ್ಲಿ ಪೆಂಬಿನಾದ ಠಾಣ್ಯವೊಂದರಲ್ಲಿ ಅವಳಿಗೆ ಹೆರಿಗೆಯಾದಾಗಲೇ ಗುಟ್ಟು ಬಯಲಾಯಿತು. ಆಮೇಲೆ ಅವಳಿಗೆ ಬಟ್ಟೆ ಒಗೆಯುವ ಕೆಲಸ ಕೊಟ್ಟು, 1809ರಲ್ಲಿ ಮಗುವಿನೊಡನೆ ಊರಿಗೆ ಕಳಿಸಿದರು.

ವ್ಯಾಪಾರಿಗಳು ಅಲ್ಲಿನ ಹೆಂಗಸರನ್ನು ಆ ನಾಡಿನ ಪದ್ಧತಿಯಂತೆ ಮದುವೆಯಾಗುತ್ತಿದ್ದರು. ಹೆಣ್ಣಿನ ಬಂಧುಬಳಗ ವ್ಯಾಪಾರಕ್ಕೆ ನೆರವಾಗುತ್ತಿತ್ತು, ಅವಳ ದುಡಿಮೆ ಠಾಣ್ಯವನ್ನು ಸಾಕುತ್ತಿತ್ತು. ವಿಲಿಯಂ ಕಾನಲಿ ಎಂಬ ವ್ಯಾಪಾರಿ 1803ರಲ್ಲಿ ಸುಸಾನ್ ಎಂಬ ಕ್ರೀ ಹೆಣ್ಣುಮಗಳ ಕೈಹಿಡಿದು, ಮೂರು ದಶಕದ ಹತ್ತಿರ ಬಾಳಿ, ಮಕ್ಕಳನ್ನು ಪಡೆದು, 1832ರಲ್ಲಿ ಅವಳನ್ನು ಬಿಟ್ಟು ತನ್ನವರ ಪೈಕಿಯೇ ಇನ್ನೊಬ್ಬಳನ್ನು ಚರ್ಚಿನಲ್ಲಿ ಮದುವೆಯಾದ. ಅವರ ಮಗ ಆಸ್ತಿಗಾಗಿ ನ್ಯಾಯಾಲಯಕ್ಕೆ ಹೋದಾಗ, 1867ರಲ್ಲಿ ಮಾಂಟ್ರಿಯಲ್ಲಿನ ನ್ಯಾಯಾಧೀಶರು ಕ್ರೀ ಪದ್ಧತಿಯ ಆ ಮದುವೆ ಪೂರ್ತಿ ಸಿಂಧು ಎಂದು ತೀರ್ಪು ಕೊಟ್ಟರು. ಸುಸಾನ್ ಅದನ್ನು ಕೇಳಲು ಉಳಿದಿರಲಿಲ್ಲ.

ಮತ್ತೆ ಪ್ರಶ್ನೆ ಕೇಳಿದವರಿಂದ

ಮೂವರಿಗೂ ನಮಸ್ಕಾರ. ಕಂಬಳಿಯ ತಪ್ಪನ್ನು ನಾನು ಸಭೆಯಲ್ಲಿ ಹೇಳಿಬಿಡುತ್ತಿದ್ದೆ, ಅಕ್ಕ ಉಳಿಸಿದರು. ಹಣೆಪಟ್ಟಿಯ ವಿವರವನ್ನು ತಾಯಿಗೆ ಓದಿ ಹೇಳಿದೆ. ನಿಮ್ಮ ತಂದೆಗೂ ನೋವು ಬಂದದ್ದು ತಲೆಗಲ್ಲ, ಕುತ್ತಿಗೆಗೆ ಎಂದರು. ಗುರುಗಳ ಲೆಕ್ಕವನ್ನು ನೋಡಿದಾಗ ನನಗೆ ನೆನಪಾದದ್ದು ಹಮಾಲರಿಗಾಗಿ ಬಂದ ಮಹಾರಾಷ್ಟ್ರದ 1969ರ ಮಾಥಾಡಿ ಕಾಯಿದೆ. ನೋಂದಣಿ, ಮಂಡಳಿಯ ಮೂಲಕ ಕೂಲಿ, ಭವಿಷ್ಯನಿಧಿ, ಇವೆಲ್ಲ ಬಂದ ಮೇಲೆಯೇ ನಮ್ಮ ಮನೆಯಲ್ಲಿ ತಿಂಗಳ ಕೊನೆಗೆ ಉದ್ರಿ ನಿಂತದ್ದು. ಆ ದೋಣಿಯಾಳುಗಳಿಗೆ ಇಂಥದ್ದೊಂದೂ ಇರಲಿಲ್ಲ.

ಇನ್ನೊಂದು ಕೇಳಲೇ? ದೊರೆಯ ಸಹಿಯನ್ನು ಬಿಟ್ಟರೆ, ಮುಂಬಯಿಗೂ ಆ ವ್ಯಾಪಾರಕ್ಕೂ ನೇರವಾದ ಸಂಬಂಧವೇನಾದರೂ ಇತ್ತೇ?

ಉತ್ತರ 4: ಮುಂಬಯಿ ಕೋಟೆ ಪ್ರದೇಶದಿಂದ

ಇತ್ತು, ಅದೂ ಇಲ್ಲಿಯ ಬಂದರಿನಿಂದಲೇ. ಕ್ಯಾಪ್ಟನ್ ಕುಕ್‌ನ ಮೂರನೆಯ ಯಾನದ ನಾವಿಕರು ಅಮೆರಿಕದ ವಾಯವ್ಯ ಕರಾವಳಿಯಲ್ಲಿ ಅಗ್ಗಕ್ಕೆ ಪಡೆದ ಕಡಲ ನೀರುನಾಯಿಯ ತೊಗಲುಗಳನ್ನು 1779ರಲ್ಲಿ ಚೀನಾದ ಕ್ಯಾಂಟನ್ನಿನಲ್ಲಿ ದೊಡ್ಡ ಬೆಲೆಗೆ ಮಾರಿದರು. ಆ ಸುದ್ದಿ ಹಬ್ಬಿದ ಮೇಲೆ ಮುಂಬಯಿಯ ವರ್ತಕ ಡೇವಿಡ್ ಸ್ಕಾಟ್‌ನ ಬೆಂಬಲದಿಂದ ಜೇಮ್ಸ್ ಸ್ಟ್ರೇಂಜ್ ಎಂಬವನು, ಕ್ಯಾಪ್ಟನ್ ಕುಕ್ ಮತ್ತು ಎಕ್ಸ್‌ಪೆರಿಮೆಂಟ್ ಎಂಬ ಎರಡು ಹಡಗುಗಳೊಡನೆ 1785ರ ಡಿಸೆಂಬರಿನಲ್ಲಿ ಮುಂಬಯಿಯಿಂದ ಹೊರಟು, 1786ರ ಬೇಸಿಗೆಯಲ್ಲಿ ಇಂದಿನ ವ್ಯಾಂಕೂವರ್ ದ್ವೀಪದ ನೂಟ್ಕಾ ಕೊಲ್ಲಿಯನ್ನು ಮುಟ್ಟಿದ. ಅಲ್ಲಿಂದ ಅಲಾಸ್ಕಕ್ಕೂ ಹೋದ. ಹಾಕಿದ ಬಂಡವಾಳಕ್ಕೆ ತಕ್ಕ ಫಲ ಸಿಗಲಿಲ್ಲ.

ಕನ್ನಡದವರಿಗೆ ಹೇಳಲೇಬೇಕಾದ ಒಂದು ಅಂಶ ಇದರಲ್ಲಿದೆ. ಆ ಯಾನದಲ್ಲಿ ಹೋದ ಸಣ್ಣ ಸೈನಿಕ ತಂಡದ ನಾಯಕ ಅಲೆಗ್ಸಾಂಡರ್ ವಾಕರ್. ಟೀಪು ಸುಲ್ತಾನನು ಮಂಗಳೂರನ್ನು ಮುತ್ತಿದಾಗ ಈತ ಆ ಕೋಟೆಯೊಳಗಿದ್ದ. 1784ರ ಜನವರಿ 30ರಂದು ಕೋಟೆ ಶರಣಾದಾಗ ಒತ್ತೆಯಾಳಾಗಿ ಹೋಗಲು ತಾನೇ ಮುಂದೆ ಬಂದವನು. ಮಂಗಳೂರಿನಲ್ಲಿ ಒತ್ತೆಯಾಳಾದವನು ಎರಡೂವರೆ ವರ್ಷದಲ್ಲಿ ನೂಟ್ಕಾದ ಮರದ ಮನೆಗಳ ನಡುವೆ ನಿಂತು, ಅಲ್ಲಿನ ಜನರ ಮಾತು, ಊಟ, ಕೊಡು ಕೊಳ್ಳುವ ರೀತಿಯನ್ನು ಬರೆದುಕೊಂಡ. ಅವನ ಬರಹ ಅಚ್ಚಾದದ್ದು 1982ರಲ್ಲಿ.

ತಾವು ಸಣ್ಣ ಆಳುಗಳ ಬಗ್ಗೆ ಕೇಳಿದ್ದೀರಿ. ಆ ಹಡಗಿನ ವೈದ್ಯನ ಸಹಾಯಕ ಜಾನ್ ಮೆಕೆಯನ್ನು ಭಾಷೆ ಕಲಿಯಲೆಂದೂ ಮುಂದಿನ ವ್ಯಾಪಾರಕ್ಕೆ ನೆಲೆ ಮಾಡಲೆಂದೂ ನೂಟ್ಕಾದಲ್ಲಿಯೇ ಬಿಟ್ಟುಬಂದರು. ಮುಖಂಡ ಮಕ್ವಿನಾ ಅವನನ್ನು ಮೊದಲು ಮನೆಯಲ್ಲಿಟ್ಟುಕೊಂಡ. ಒಂದು ದಿನ ಅವನು ಮಕ್ವಿನಾನ ಮಗುವಿನ ತೊಟ್ಟಿಲನ್ನು ದಾಟಿಬಿಟ್ಟ. ಅದು ಅಲ್ಲಿ ದೊಡ್ಡ ಅಪಚಾರ. ಮುಂದೆ ಮಗು ತೀರಿಕೊಂಡಾಗ ಅವನಿಗೆ ಮನೆಯೂ ಹೋಯಿತು, ಊಟವೂ ಹೋಯಿತು. ಆಹಾರ ಸಿಗದ ಆ ಚಳಿಗಾಲವನ್ನು ಅವನು ಹೇಗೋ ಕಳೆದ. 1787ರಲ್ಲಿ ಚಾರ್ಲ್ಸ್ ಬಾರ್ಕ್ಲಿಯ ಹಡಗು ಬಂದು ಅವನನ್ನು ಹತ್ತಿಸಿಕೊಂಡಿತು.

ಪ್ರಶ್ನೆ ಕೇಳಿದವರಿಂದ, ಎರಡು ದಿನದ ನಂತರ

ಚಮ್ಮಾರರೊಬ್ಬರಲ್ಲಿ ನಾಲ್ಕು ಬೆರಳಗಲದ ಹಣೆಪಟ್ಟಿಯೊಂದನ್ನು ಹೊಲಿಸಿದೆ. ಸಂಜೆ ಕಟ್ಟಡದ ಗಚ್ಚಿನ ಮೇಲೆ, ಅಂಗಡಿಯಿಂದ ತಂದ ಇಪ್ಪತ್ತು ಕಿಲೋ ಅಕ್ಕಿಯ ಚೀಲವನ್ನು ಬೆನ್ನಿಗೆ ತಂದುಕೊಂಡು ನೂರು ಹೆಜ್ಜೆ ನಡೆದೆ. ಮೊದಲು ಕೈಗಳು ಬಿಡುವಾದವಲ್ಲ ಎಂದು ಹಗುರವೆನಿಸಿತು. ಅರವತ್ತನೆಯ ಹೆಜ್ಜೆಯ ಹೊತ್ತಿಗೆ ಕಣ್ಣು ನೆಲವನ್ನು ಬಿಟ್ಟು ಬೇರೇನನ್ನೂ ನೋಡದಂತಾಯಿತು, ಏಕೆಂದರೆ ತಲೆ ಎತ್ತಿದರೆ ಹೊರೆ ಹಿಂದಕ್ಕೆ ಎಳೆಯುತ್ತದೆ. ಅದು ಅವರು ಹೊರುತ್ತಿದ್ದ ಭಾರದ ನಾಲ್ಕನೆಯ ಒಂದು ಪಾಲು. ಭಾನುವಾರ ಆ ಪಟ್ಟಿಯನ್ನು ತಂದೆಯ ಸಿಂಬಿಯ ಪಕ್ಕದಲ್ಲಿ ಮೇಜಿನ ಮೇಲೆ ಇಟ್ಟು ಮಾತು ಆರಂಭಿಸುತ್ತೇನೆ. ಸಭೆಗೆ ತಾಯಿಯೂ ಬರುತ್ತೇನೆ ಎಂದಿದ್ದಾರೆ.